ಬಿಡಿ ಸಿಗರೇಟಿನ ಮುಂದೆ ಸೋಲುವ ಕಾನೂನು

ಸಿಗರೇಟು ಸೇದುವವರ ಸಂಖ್ಯೆ ತಗ್ಗಿಸಲು ಒಂದು ದೇಶ ಏನು ಮಾಡಬೇಕು ಎಂಬುದು ಈಗ ಗುಟ್ಟೇನಲ್ಲ. ತೆರಿಗೆ ಏರಿಸಬೇಕು, ಜಾಹೀರಾತು ನಿಲ್ಲಿಸಬೇಕು, ಪ್ಯಾಕಿನ ಮೇಲೆ ದೊಡ್ಡ ಚಿತ್ರದ ಎಚ್ಚರಿಕೆ ಹಾಕಿಸಬೇಕು, ಜನ ಸೇರುವ ಜಾಗಗಳಲ್ಲಿ ಸೇದುವುದನ್ನು ತಡೆಯಬೇಕು, ಎಳೆಯರ ಕೈಗೆ ಸಿಗದಂತೆ ನೋಡಿಕೊಳ್ಳಬೇಕು, ಬಿಡಬೇಕು ಅಂದುಕೊಂಡವರಿಗೆ ನೆರವು ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರ ಫೆಬ್ರುವರಿಯಲ್ಲೇ ಅನುಮೋದನೆ ಕೊಟ್ಟಿದೆ. ಅದಕ್ಕೂ ಮೊದಲೇ, 2003ರಲ್ಲಿ, ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ ಬಂದಿದೆ. ಎಲ್ಲರೂ ಅದನ್ನು ಕೋಟ್ಪಾ ಅನ್ನುತ್ತಾರೆ. ಕಾಗದದ ಮೇಲೆ ನೋಡಿದರೆ ಮೇಲಿನ ಪಟ್ಟಿಯ ಬಹುಪಾಲಿಗೆ ನಮ್ಮಲ್ಲಿ ಒಂದು ಕಲಮೋ ನಿಯಮವೋ ಇದೆ.

ಇವುಗಳಿಂದ ಫಲವೇ ಸಿಕ್ಕಿಲ್ಲ ಎಂದಲ್ಲ. ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆಯ ಪ್ರಕಾರ 2009–10ರಲ್ಲಿ ದೇಶದ ವಯಸ್ಕರಲ್ಲಿ ಶೇ 34.6ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016–17ರ ಹೊತ್ತಿಗೆ ಅದು ಶೇ 28.6ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಶೇ 28.2 ಇದ್ದದ್ದು ಶೇ 22.8 ಆಯಿತು. ಆದರೂ ಅದೇ ಎರಡನೇ ಸಮೀಕ್ಷೆಯಲ್ಲಿ ಬೀಡಿ, ಸಿಗರೇಟು ಸೇದುವವರೇ ಹತ್ತಿರ ಹತ್ತಿರ ಹತ್ತು ಕೋಟಿ ಇದ್ದರು. ತಂಬಾಕಿನಿಂದ ವರ್ಷಕ್ಕೆ ಸುಮಾರು 13 ಲಕ್ಷ ಜನ ಸಾಯುತ್ತಾರೆ. 2017–18ರಲ್ಲಿ ಚಿಕಿತ್ಸೆಯ ಖರ್ಚು, ದುಡಿಮೆಯ ನಷ್ಟ, ಅಕಾಲ ಮರಣ ಎಲ್ಲ ಸೇರಿಸಿ ದೇಶ ತೆತ್ತ ಬೆಲೆ 1.77 ಲಕ್ಷ ಕೋಟಿ ರೂಪಾಯಿ ಎಂಬ ಲೆಕ್ಕವಿದೆ. ಒಟ್ಟು ದೇಶೀಯ ಉತ್ಪನ್ನದ ಶೇ 1ಕ್ಕಿಂತ ತುಸು ಹೆಚ್ಚು.

ಕಾನೂನುಗಳು ಇದ್ದೂ ಅವುಗಳ ಪೂರ್ತಿ ಬಲ ಸೇದುವವನವರೆಗೆ ಏಕೆ ಮುಟ್ಟುತ್ತಿಲ್ಲ? ಕಾರಣ ಹಲವಿವೆ. ಆದರೆ ಉಳಿದ ಕಾರಣಗಳೆಲ್ಲ ಬಂದು ಸೇರುವ ಒಂದು ಜಾಗವಿದೆ: ಗೂಡಂಗಡಿಯ ಕಟ್ಟೆಯ ಮೇಲೆ ಒಡೆದಿಟ್ಟ ಪ್ಯಾಕು. ಸಿಗರೇಟು ನಿಯಂತ್ರಣದ ನೀತಿಗಳೆಲ್ಲ ಗ್ರಾಹಕ ಪ್ಯಾಕು ಕೊಳ್ಳುತ್ತಾನೆ ಎಂದು ಊಹಿಸಿಕೊಂಡು ಬರೆದವು. ನಮ್ಮಲ್ಲಿ ಅವನು ಕೊಳ್ಳುವುದು ಒಂದು ಅಥವಾ ಎರಡು ಸಿಗರೇಟು.

ಪ್ಯಾಕಿನೊಳಗೇ ಉಳಿದುಹೋಗುವ ಎಚ್ಚರಿಕೆ

ಚಿತ್ರದ ಎಚ್ಚರಿಕೆಯಿಂದಲೇ ಶುರು ಮಾಡೋಣ. ಭಾರತ ಕಷ್ಟಪಟ್ಟು ಗೆದ್ದ ಹೋರಾಟ ಅದು. 2009ರ ಮೇ ತಿಂಗಳಲ್ಲಿ ಮೊದಲ ಬಾರಿಗೆ ಚಿತ್ರ ಬಂದಾಗ ಅದು ಪ್ಯಾಕಿನ ಮುಂಭಾಗದ ಶೇ 40ರಷ್ಟನ್ನು ಮಾತ್ರ ಆವರಿಸಿತ್ತು, ಹಿಂಬದಿ ಖಾಲಿ. 2016ರ ಏಪ್ರಿಲ್ 1ರಿಂದ ಎರಡೂ ಬದಿಯಲ್ಲಿ ಶೇ 85 ಆಯಿತು: ಚಿತ್ರಕ್ಕೆ ಶೇ 60, ಬರಹಕ್ಕೆ ಶೇ 25. ಕಂಪನಿಗಳು ಕೆಲಕಾಲ ಕಾರ್ಖಾನೆ ಮುಚ್ಚಿ ಪ್ರತಿಭಟಿಸಿದವು. ಬೇರೆಬೇರೆ ರಾಜ್ಯಗಳ ಮೊಕದ್ದಮೆಗಳನ್ನೆಲ್ಲ ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಮೂರೇ ವಾರಗಳಲ್ಲಿ, 2018ರ ಜನವರಿ ಆರಂಭದಲ್ಲಿ, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟದ್ದರಿಂದ ಶೇ 85 ಉಳಿಯಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಪ್ಯಾಕಿನ ಮೇಲೆ ತಂಬಾಕು ಬಿಡಲು ನೆರವಾಗುವ ಉಚಿತ ದೂರವಾಣಿ 1800-11-2356 ಕೂಡ ಬಂತು.

ಇಷ್ಟಕ್ಕೆಲ್ಲ ಬೆಲೆ ಇದೆ. 2016–17ರ ಸಮೀಕ್ಷೆಯಲ್ಲಿ ಸಿಗರೇಟು ಸೇದುವವರ ಪೈಕಿ ಶೇ 62ರಷ್ಟು ಜನ ಪ್ಯಾಕಿನ ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದ್ದಾಗಿ ಹೇಳಿದ್ದಾರೆ. ಆದರೆ ಚಿತ್ರ ಕೆಲಸ ಮಾಡುವುದು ಪದೇ ಪದೇ ಕಣ್ಣಿಗೆ ಬೀಳುವುದರಿಂದ. ಇಪ್ಪತ್ತರ ಪ್ಯಾಕು ಜೇಬಿನಲ್ಲಿದ್ದರೆ, ಅದನ್ನು ಮುಗಿಸುವಷ್ಟರಲ್ಲಿ ಚಿತ್ರ ಇಪ್ಪತ್ತು ಸಲ ಕೈಗೆ ಬರುತ್ತದೆ. ಮನೆಯಲ್ಲಿ ಹೆಂಡತಿ ಮಕ್ಕಳ ಕಣ್ಣಿಗೂ ಬೀಳುತ್ತದೆ. ಬಿಡಿಯಾಗಿ ಕೊಂಡವನಿಗೆ ಸಿಗುವುದು ಬರೀ ಸಿಗರೇಟು. ಚಿತ್ರ, ಬರಹ, ದೂರವಾಣಿ ಸಂಖ್ಯೆ, ಎಂಆರ್‌ಪಿ ಎಲ್ಲ ಅಂಗಡಿಯವನ ಹಲಗೆಯ ಮೇಲೆ, ಬಹಳ ಸಲ ಅವನ ಕಡೆಗೆ ಮುಖಮಾಡಿ, ಕೂತಿರುತ್ತವೆ.

ವಯಸ್ಸಿನ ಮಿತಿಯ ಗತಿಯೂ ಇದೇ. ಪಿಯುಸಿ ಓದುವ ಹುಡುಗನ ಜೇಬಿನಲ್ಲಿ ಇಡೀ ಪ್ಯಾಕಿಗೆ ಬೇಕಾದಷ್ಟು ಹಣ ಇರುವುದು ಅಪರೂಪ, ಇದ್ದರೂ ಪ್ಯಾಕನ್ನು ಮನೆಯಲ್ಲಿ ಬಚ್ಚಿಡುವುದು ಕಷ್ಟ. ಒಂದು ಸಿಗರೇಟಿಗೆ ಚಹಾ ಕುಡಿದುಳಿದ ಚಿಲ್ಲರೆ ಸಾಕು. ಅಂಗಡಿಯ ಪಕ್ಕದಲ್ಲೇ ನೂಲಿಗೆ ಕಟ್ಟಿದ ಲೈಟರ್ ನೇತಾಡುತ್ತಿರುತ್ತದೆ, ಅಲ್ಲೇ ಸೇದಿ ಮುಗಿಸಿ ಬಾಯಿಗೊಂದು ಪೆಪ್ಪರ್‌ಮಿಂಟು ಹಾಕಿಕೊಂಡರೆ ಮನೆಗೆ ಹೋಗಲು ಅಡ್ಡಿಯಿಲ್ಲ. ಆ ಪೆಪ್ಪರ್‌ಮಿಂಟೂ ಅದೇ ಅಂಗಡಿಯಲ್ಲಿ ಸಿಗುತ್ತದೆ. ಸೇದಲು ಕಲಿಯುವ ವಯಸ್ಸಿಗೆ ಇಷ್ಟು ಹೊಂದುವ ಏರ್ಪಾಡು ಇನ್ನೊಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದದ 16ನೇ ವಿಧಿ ಬಿಡಿ ಸಿಗರೇಟನ್ನೂ ಸಣ್ಣ ಪ್ಯಾಕನ್ನೂ ಒಟ್ಟಿಗೆ ಹೆಸರಿಸಿ ನಿಷೇಧಿಸಲು ಯತ್ನಿಸಬೇಕು ಎಂದು ಹೇಳಿರುವುದು ಇದಕ್ಕೇ.

ತೆರಿಗೆಯ ಏಟು ಎಲ್ಲಿ ಕರಗುತ್ತದೆ

ಸಿಗರೇಟು ಕಡಿಮೆ ಮಾಡುವ ಸಾಧನಗಳಲ್ಲಿ ಬೆಲೆಯಷ್ಟು ಗಟ್ಟಿಯಾದದ್ದು ಬೇರೆ ಇಲ್ಲ. ಬೆಲೆ ಶೇ 10 ಏರಿದರೆ ನಮ್ಮಂಥ ದೇಶಗಳಲ್ಲಿ ಬಳಕೆ ಸುಮಾರು ಶೇ 5 ಇಳಿಯುತ್ತದೆ ಎಂಬುದು ಹಲವು ದೇಶಗಳ ಅನುಭವ. ಎಳೆಯರು ಮತ್ತು ಬಡವರಲ್ಲಿ ಇಳಿಕೆ ಇನ್ನೂ ಹೆಚ್ಚು. ಚಿಲ್ಲರೆ ಬೆಲೆಯಲ್ಲಿ ಕನಿಷ್ಠ ಶೇ 75 ತೆರಿಗೆಯೇ ಆಗಿರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದಲ್ಲಿ ಜಿಎಸ್‌ಟಿ ಪರಿಹಾರ ಸೆಸ್ (ಜಿಎಸ್‌ಟಿಯಿಂದ ರಾಜ್ಯಗಳಿಗಾದ ನಷ್ಟ ತುಂಬಲು ಹಾಕಿದ ಹೆಚ್ಚುವರಿ ತೆರಿಗೆ) ಇದ್ದ ಕಾಲದಲ್ಲಿ ಸಿಗರೇಟಿಗೆ ಆ ಪಾಲು ಸುಮಾರು ಶೇ 53, ಬೀಡಿಗೆ ಶೇ 22 ಮಾತ್ರ.

ಈ ಪಾಲು ಏರದೇ ಉಳಿದ ರೀತಿಯನ್ನು ಗಮನವಿಟ್ಟು ನೋಡಬೇಕು. ತೆರಿಗೆ ಎರಡು ಬಗೆ: ಬೆಲೆಯ ಶೇಕಡಾವಾರು ಒಂದು, ಸಾವಿರ ಸಿಗರೇಟಿಗೆ ಇಷ್ಟು ರೂಪಾಯಿ ಎಂಬ ನಿಗದಿ ಮೊತ್ತ ಇನ್ನೊಂದು. ಆರೋಗ್ಯದ ದೃಷ್ಟಿಯಿಂದ ಎರಡನೆಯದೇ ಮೇಲು, ಏಕೆಂದರೆ ಅಗ್ಗದ ಬ್ರ್ಯಾಂಡಿಗೂ ಅಷ್ಟೇ ಭಾರ ಬೀಳುತ್ತದೆ. ಆದರೆ ನಿಗದಿ ಮೊತ್ತಕ್ಕೆ ಒಂದು ದೌರ್ಬಲ್ಯವಿದೆ. ಪ್ರತಿ ವರ್ಷ ಏರಿಸದಿದ್ದರೆ ಹಣದುಬ್ಬರ ಅದನ್ನು ತಿಂದುಹಾಕುತ್ತದೆ. 2017ರ ಜುಲೈನಲ್ಲಿ 65 ಮಿಲಿಮೀಟರ್ ಒಳಗಿನ ಫಿಲ್ಟರ್ ಸಿಗರೇಟಿಗೆ ಪರಿಹಾರ ಸೆಸ್ಸಿನ ನಿಗದಿ ಭಾಗ ಸಾವಿರಕ್ಕೆ 2,076 ರೂಪಾಯಿ ಎಂದಾಯಿತು, ಒಂದಕ್ಕೆ ಎರಡು ರೂಪಾಯಿ ಎಂಟು ಪೈಸೆಯಷ್ಟು. ಎಂಟು ವರ್ಷ ಕಳೆದರೂ ಅದು ಅಲ್ಲಿಂದ ಕದಲಲಿಲ್ಲ. ಈ ನಡುವೆ ಕೂಲಿ ಏರಿತು, ಸಂಬಳ ಏರಿತು. ಅಂದರೆ ಸಿಗರೇಟು ಕೊಳ್ಳುವುದು ವರ್ಷ ಕಳೆದಂತೆ ಸುಲಭವಾಗುತ್ತ ಹೋಯಿತು.

2023ರ ಬಜೆಟ್‌ನಲ್ಲಿ ಸಿಗರೇಟಿನ ಮೇಲಿನ ಇನ್ನೊಂದು ತೆರಿಗೆಯಾದ ರಾಷ್ಟ್ರೀಯ ವಿಪತ್ತು ಸುಂಕವನ್ನು ಶೇ 16 ಏರಿಸಲಾಯಿತು. ಅದು ದೊಡ್ಡ ಸುದ್ದಿಯಾಯಿತು. ಲೆಕ್ಕ ಹಾಕಿ ನೋಡಿ: ಸಣ್ಣ ಫಿಲ್ಟರ್ ಸಿಗರೇಟಿಗೆ ಸಾವಿರಕ್ಕೆ 440 ರೂಪಾಯಿ ಇದ್ದದ್ದು 510 ಆಯಿತು. ಒಂದು ಸಿಗರೇಟಿಗೆ ಏಳು ಪೈಸೆ! ಅತಿ ಉದ್ದದವಕ್ಕೂ ಹನ್ನೆರಡು ಪೈಸೆ ದಾಟಲಿಲ್ಲ. ಏಳು ಪೈಸೆಯ ತೆರಿಗೆ ಬಿಡಿ ಗ್ರಾಹಕನಿಗೆ ಗೊತ್ತಾಗುವುದೇ ಇಲ್ಲ. ಬಿಡಿ ಮಾರಾಟದಲ್ಲಿ ಬೆಲೆ ಇಡಿ ರೂಪಾಯಿಯ ಲೆಕ್ಕದಲ್ಲಿ ಓಡುತ್ತದೆ, ಪ್ಯಾಕಿನ ಎಂಆರ್‌ಪಿಯನ್ನು ಹತ್ತರಿಂದ ಭಾಗಿಸಿ ಅಂಗಡಿಯವರು ಮೇಲಕ್ಕೆ ದುಂಡಗೆ ಮಾಡಿಕೊಂಡಿರುತ್ತಾರೆ. ಪ್ಯಾಕಿಗೆ ಒಂದೆರಡು ರೂಪಾಯಿ ಏರಿದರೆ ಆ ದುಂಡಗಿನ ಅಂಚಿನಲ್ಲೇ ಅದು ಹುದುಗಿಹೋಗುತ್ತದೆ. ವರ್ಷಕ್ಕೊಮ್ಮೆ ಸಣ್ಣದಾಗಿ ಏರಿಸುವುದಕ್ಕಿಂತ ಒಂದು ಸಿಗರೇಟಿಗೆ ಎರಡು ಮೂರು ರೂಪಾಯಿ ಒಮ್ಮೆಲೇ ಏರುವಂತೆ ಮಾಡುವುದು, ಆಮೇಲೆ ಹಣದುಬ್ಬರಕ್ಕೂ ಆದಾಯಕ್ಕೂ ತಕ್ಕಂತೆ ತಾನಾಗಿ ಏರುವ ಸೂತ್ರವನ್ನು ಕಾನೂನಿನಲ್ಲೇ ಬರೆಯುವುದು ನಮ್ಮ ಮಾರುಕಟ್ಟೆಗೆ ಹೆಚ್ಚು ಹೊಂದುತ್ತದೆ.

2026ರ ಫೆಬ್ರುವರಿ 1ರಿಂದ ವ್ಯವಸ್ಥೆ ಬದಲಾಗಿದೆ. ಪರಿಹಾರ ಸೆಸ್ ಹೋಗಿ, ಸಿಗರೇಟಿನ ಮೇಲೆ ಶೇ 40 ಜಿಎಸ್‌ಟಿ ಮತ್ತು ಉದ್ದಕ್ಕೆ ತಕ್ಕಂತೆ ಸಾವಿರಕ್ಕೆ 2,050ರಿಂದ 8,500 ರೂಪಾಯಿವರೆಗೆ ಕೇಂದ್ರ ಅಬಕಾರಿ ಸುಂಕ ಬಂದಿದೆ. ಇದು ಸರಿಯಾದ ದಿಕ್ಕು. ಅಬಕಾರಿ ಸುಂಕವನ್ನು ಏರಿಸಲು ಕೇಂದ್ರ ಸರ್ಕಾರ ಜಿಎಸ್‌ಟಿ ಮಂಡಳಿಯ ಒಮ್ಮತಕ್ಕೆ ಕಾಯಬೇಕಿಲ್ಲ, ಪ್ರತಿ ಬಜೆಟ್‌ನಲ್ಲೂ ಏರಿಸಬಹುದು. ಆದರೆ ಉದ್ದದ ಮೆಟ್ಟಿಲುಗಳು ಹಾಗೇ ಉಳಿದಿವೆ, ಮೊದಲ ಮೆಟ್ಟಿಲಿಗೂ ಕೊನೆಯದಕ್ಕೂ ನಾಲ್ಕು ಪಟ್ಟು ಅಂತರ. 65 ಮಿಲಿಮೀಟರ್ ಮಿತಿ ಇಟ್ಟಾಗ ಕಂಪನಿಗಳು 64 ಮಿಲಿಮೀಟರಿನ ಫಿಲ್ಟರ್ ಸಿಗರೇಟು ತಂದವು, ಅದು ಚೆನ್ನಾಗಿಯೇ ಓಡಿತು. ಉದ್ದದ್ದು ದುಬಾರಿಯಾದರೆ ಸೇದುವವನು ಬಿಡುವ ಬದಲು ಗಿಡ್ಡದ್ದಕ್ಕೆ ಇಳಿಯುತ್ತಾನೆ. ಶ್ವಾಸಕೋಶಕ್ಕೆ ಐದು ಮಿಲಿಮೀಟರ್ ವ್ಯತ್ಯಾಸ ಲೆಕ್ಕಕ್ಕಿಲ್ಲ. ಎಲ್ಲ ಉದ್ದಕ್ಕೂ ಒಂದೇ ದರ ಇಡುವುದೇ ಇದಕ್ಕೆ ಮದ್ದು.

ತೆರಿಗೆ ಏರಿದರೆ ಕಳ್ಳಮಾಲು ನುಗ್ಗುತ್ತದೆ ಎಂಬ ವಾದವನ್ನು ಉದ್ಯಮ ಪ್ರತಿ ಬಜೆಟ್ ಮುಂಚೆ ಮುಂದಿಡುತ್ತದೆ, ಮಾರುಕಟ್ಟೆಯ ನಾಲ್ಕನೇ ಒಂದು ಪಾಲು ಅಕ್ರಮ ಎನ್ನುವವರೂ ಇದ್ದಾರೆ. ನಗರಗಳ ಅಂಗಡಿಗಳಿಂದ ಖಾಲಿ ಪ್ಯಾಕುಗಳನ್ನು ಸಂಗ್ರಹಿಸಿ ಎಣಿಸಿದ, 2018ರಲ್ಲಿ ಪ್ರಕಟವಾದ ಸ್ವತಂತ್ರ ಅಧ್ಯಯನಕ್ಕೆ ಸಿಕ್ಕಿದ್ದು ಶೇ 2.7ರಷ್ಟು ಮಾತ್ರ. ಆ ಖಾಲಿ ಪ್ಯಾಕುಗಳು ಅಂಗಡಿಗಳಲ್ಲೇ ಅಷ್ಟು ಸುಲಭವಾಗಿ ಸಿಕ್ಕಿದ್ದೂ ಬಿಡಿ ಮಾರಾಟದಿಂದಲೇ. ಕಳ್ಳಮಾಲಿನ ಭಯಕ್ಕೆ ಉತ್ತರ ತೆರಿಗೆ ಇಳಿಸುವುದಲ್ಲ. ಪ್ರತಿ ಪ್ಯಾಕಿಗೂ ಕಾರ್ಖಾನೆಯಿಂದ ಅಂಗಡಿವರೆಗೆ ಜಾಡು ಹಿಡಿಯಬಹುದಾದ ಗುರುತು ಹಾಕಿಸುವುದು. ಅಕ್ರಮ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2018ರಲ್ಲೇ ಸೇರಿದೆ. ಆದರೆ ಆ ಗುರುತೂ ಇರುವುದು ಪ್ಯಾಕಿನ ಮೇಲೆ. ಬಿಡಿ ಸಿಗರೇಟು ಕೊಂಡವನು ಅಸಲಿ ನಕಲಿ ಹೇಗೆ ನೋಡಿಯಾನು?

ಕರ್ನಾಟಕದ ಹೊಸ ಕಾಯ್ದೆ

ಈ ವಿಷಯದಲ್ಲಿ ಕರ್ನಾಟಕ ಮುಂದಿನ ಸಾಲಿನ ರಾಜ್ಯ. ಇ-ಸಿಗರೇಟನ್ನು ದೇಶ 2019ರಲ್ಲಿ ನಿಷೇಧಿಸಿದರೆ, ಇಲ್ಲಿ 2016ರಲ್ಲೇ ನಿಷೇಧವಾಗಿತ್ತು. ಬಿಡಿ ಸಿಗರೇಟಿನ ಮಾರಾಟ 2017ರಲ್ಲೇ ಆದೇಶದ ಮೂಲಕ ನಿಂತಿತು. ನಿಂತದ್ದು ಆದೇಶದಲ್ಲಿ. ಅಂಗಡಿಗಳಲ್ಲಿ ಏನೂ ಬದಲಾಗಲಿಲ್ಲ, ಅದಕ್ಕೆ ಕಾನೂನಿನ ರಚನೆಯಲ್ಲೇ ಕಾರಣವಿತ್ತು.

ಕೋಟ್ಪಾದಲ್ಲಿ ಎರಡು ತರಹದ ಶಿಕ್ಷೆಗಳಿವೆ. ಸಾರ್ವಜನಿಕ ಸ್ಥಳದಲ್ಲಿ ಸೇದುವುದು 4ನೇ ಕಲಮು. ಎಳೆಯರಿಗೆ ಮಾರುವುದು, ಶಾಲಾ ಕಾಲೇಜಿನ ಆವರಣದ ಗೋಡೆಯಿಂದ ನೂರು ಗಜದೊಳಗೆ ಮಾರುವುದು 6ನೇ ಕಲಮು. ಇವಕ್ಕೆ ಸ್ಥಳದಲ್ಲೇ ರಸೀದಿ ಹರಿದು ದಂಡ ಹಾಕಬಹುದು. ಎಚ್ಚರಿಕೆ ಇಲ್ಲದ ಮಾಲನ್ನು ಮಾರುವುದು 7ನೇ ಕಲಮು, ಅದಕ್ಕೆ 20ನೇ ಕಲಮಿನಡಿ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ. ಕೇಳಲು ಇದು ಕಠಿಣ. ಆದರೆ ಇದಕ್ಕೆ ಸ್ಥಳದಲ್ಲೇ ದಂಡ ಹಾಕುವ ಅವಕಾಶವಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು. ಬಿಡಿ ಸಿಗರೇಟಿನ ಮೇಲೆ ಎಚ್ಚರಿಕೆ ಇರುವುದಿಲ್ಲವಾದ್ದರಿಂದ ಅದು 7ನೇ ಕಲಮಿನ ಉಲ್ಲಂಘನೆ ಎಂಬ ತರ್ಕ ಸರಿಯೇ. ಆದರೆ ಒಂದು ಸಿಗರೇಟು ಮಾರಿದ ಗೂಡಂಗಡಿಯವನ ಮೇಲೆ ಪಂಚನಾಮೆ ಮಾಡಿ, ದೋಷಾರೋಪ ಪಟ್ಟಿ ಹಾಕಿ, ಸಾಕ್ಷಿ ಹೇಳಲು ಎರಡು ವರ್ಷ ಕೋರ್ಟಿಗೆ ಅಲೆಯಲು ಯಾವ ಸಬ್‌ಇನ್‌ಸ್ಪೆಕ್ಟರ್ ಸಿದ್ಧನಿರುತ್ತಾನೆ? ಅವನು ಸೇದುತ್ತ ನಿಂತವನಿಗೆ ಇನ್ನೂರು ರೂಪಾಯಿ ದಂಡ ಹಾಕಿ ಲೆಕ್ಕ ತೋರಿಸುತ್ತಿದ್ದ. ವರ್ಷವರ್ಷವೂ ದಂಡ ಬಿದ್ದದ್ದು ಹೆಚ್ಚಾಗಿ ಕೊಂಡವನಿಗೆ, ಮಾರಿದವನು ಕಡಿಮೆ ಸಿಕ್ಕ, ಅವನಿಗೆ ಸರಕು ತಂದುಕೊಟ್ಟವನು ಸಿಗಲೇ ಇಲ್ಲ.

2024ರಲ್ಲಿ ವಿಧಾನಮಂಡಲ ಒಪ್ಪಿದ ಕರ್ನಾಟಕ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಯವರ ಅಂಕಿತ ಸಿಕ್ಕಿ ಅದು ಜಾರಿಗೆ ಬಂತು. ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಬಿಡಿ ಮಾರಾಟಕ್ಕೆ ಕಾಯ್ದೆಯಲ್ಲೇ ನಿಷೇಧ ಬಂತು. ದಂಡದ ಮಿತಿ 200ರಿಂದ 1,000 ರೂಪಾಯಿ ಆಯಿತು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಸೆರೆ, 50 ಸಾವಿರದಿಂದ ಒಂದು ಲಕ್ಷದವರೆಗೆ ದಂಡ. ಸುದ್ದಿ ವಾಹಿನಿಗಳಲ್ಲಿ ಹುಕ್ಕಾ ಬಾರ್ ವಿಷಯವೇ ಮೆರೆಯಿತು. ನಿಜವಾಗಿ ಹೆಚ್ಚು ಜೀವ ಉಳಿಸಬಲ್ಲದ್ದು ಬಿಡಿ ಮಾರಾಟದ ನಿಷೇಧ. ಅದರ ಬಗ್ಗೆ ಮಾತು ಕಡಿಮೆ.

ಅದನ್ನು ಜಾರಿ ಮಾಡುವುದು ಹೇಗೆ? ಸಾವಿರ ರೂಪಾಯಿ ದಂಡ ಒಂದರಿಂದಲೇ ಆಗದು. ದಂಡ ಕಟ್ಟಿ ಅರ್ಧ ಗಂಟೆಯಲ್ಲಿ ಮತ್ತೆ ಅದೇ ಪ್ಯಾಕು ಒಡೆಯಬಹುದಾದರೆ ಅದು ವ್ಯಾಪಾರದ ಖರ್ಚುಗಳಲ್ಲಿ ಒಂದಾಗುತ್ತದೆ. ಮೇ 31ರ ತಂಬಾಕು ರಹಿತ ದಿನದ ಆಸುಪಾಸಿನಲ್ಲಿ ದಾಳಿ ಜೋರಾಗಿ, ಜೂನ್ ಮಧ್ಯದ ಹೊತ್ತಿಗೆ ತಣ್ಣಗಾಗುವುದು ಅಂಗಡಿಯವರಿಗೆಲ್ಲ ಗೊತ್ತು.

ಕೆಲಸಕ್ಕೆ ಬರುವುದು ಪರವಾನಗಿ. ತಂಬಾಕು ಮಾರಲು ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಿಂದ ಪ್ರತ್ಯೇಕ ಪರವಾನಗಿ ಕಡ್ಡಾಯವಾಗಬೇಕು. ಅಂಥ ಅಂಗಡಿಯಲ್ಲಿ ಬಿಸ್ಕತ್ತು, ಚಿಪ್ಸು, ತಂಪು ಪಾನೀಯ, ಚಾಕೊಲೇಟು ಇರಬಾರದು. ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಹೀಗೆ ಪತ್ರ ಬರೆದಿದೆ. ಪರವಾನಗಿ ಇದ್ದರೆ ಶಿಕ್ಷೆಯ ಸ್ವರೂಪವೇ ಬದಲಾಗುತ್ತದೆ. ಮೊದಲ ತಪ್ಪಿಗೆ ದಂಡ, ಎರಡನೆಯದಕ್ಕೆ ಒಂದು ತಿಂಗಳು ಅಮಾನತು, ಮೂರನೆಯದಕ್ಕೆ ರದ್ದು ಎಂದು ಇಟ್ಟರೆ ಕೋರ್ಟಿಗೆ ಅಲೆಯುವ ಮಾತಿಲ್ಲ, ಆರೋಗ್ಯ ನಿರೀಕ್ಷಕರ ಆದೇಶ ಸಾಕು. ಯಾವ ವಾರ್ಡಿನಲ್ಲಿ ಎಷ್ಟು ಅಂಗಡಿ, ಶಾಲೆಗೆ ಎಷ್ಟು ಹತ್ತಿರ ಎಂಬುದೂ ನಕ್ಷೆಗೆ ಬರುತ್ತದೆ. ಶಾಲೆಯ ನೂರು ಗಜದ ಅಳತೆಯನ್ನು ರಸ್ತೆಯ ತಿರುವುಗಳಲ್ಲಿ ನಡೆದು ಅಳೆಯಬಾರದು, ಕಾಂಪೌಂಡಿನ ಹೊರ ಅಂಚಿನಿಂದ ನೇರ ಗೆರೆಯಲ್ಲಿ ಅಳೆಯಬೇಕು ಎಂದು ನಿಯಮ ಹೇಳುತ್ತದೆ. ಈ ಒಂದು ತಪ್ಪಳತೆಯಿಂದ ಎಷ್ಟೋ ಅಂಗಡಿಗಳು ಮಿತಿಯಾಚೆಗೆ ಇವೆಯೆಂದು ತೋರುತ್ತವೆ.

ತಪಾಸಣೆಗೆ ಹೋದವರು ಕೊಳ್ಳುವ ಕ್ಷಣಕ್ಕೆ ಹೊಂಚಿ ಕೂರುವ ಅಗತ್ಯವೂ ಇಲ್ಲ. ಸೀಲು ಒಡೆದು ನಾಲ್ಕೈದು ಸಿಗರೇಟು ಕಡಿಮೆಯಿರುವ ಪ್ಯಾಕು ಮಾರಾಟದ ಹಲಗೆಯ ಮೇಲಿರುವುದು, ಗಾಜಿನ ಲೋಟದಲ್ಲಿ ನಿಲ್ಲಿಸಿದ ಸಿಗರೇಟುಗಳು, ಕಂಬಕ್ಕೆ ಕಟ್ಟಿದ ಲೈಟರ್, ಕಾಲಕೆಳಗಿನ ಡಬ್ಬದಲ್ಲಿ ಖಾಲಿ ಪ್ಯಾಕುಗಳ ರಾಶಿ: ಇಷ್ಟರ ಚಿತ್ರ ತೆಗೆದರೆ ಸಾಕ್ಷ್ಯ ಗಟ್ಟಿ. ‘ಒಡೆದ ಪ್ಯಾಕು ಅಂಗಡಿಯ ಮಾರಾಟ ಜಾಗದಲ್ಲಿ ಇರುವುದೇ ಉಲ್ಲಂಘನೆ’ ಎಂದು ಪರವಾನಗಿಯ ಷರತ್ತಿನಲ್ಲಿ ಬರೆದುಬಿಟ್ಟರೆ ‘ಅದು ನಾನು ಸೇದಲು ಇಟ್ಟುಕೊಂಡದ್ದು ಸಾರ್’ ಎಂಬ ಉತ್ತರಕ್ಕೆ ದಾರಿಯಿರದು. ಅಂಗಡಿಯಲ್ಲಿ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ವಯಸ್ಸಿನ ಫಲಕ ಕಡ್ಡಾಯ. ಅದರ ಮೇಲೆ ಇನ್ನೂ 18 ಎಂದಿದ್ದರೆ ಹೊಸ ಕಾಯ್ದೆ ಆ ಅಂಗಡಿಗೆ ತಲುಪಿಲ್ಲ ಎಂದು ತಿಳಿಯಬೇಕು.

ಇನ್ನೂ ಮುಖ್ಯವಾದದ್ದು ಸರಬರಾಜುದಾರರ ಹೊಣೆ. ಸಿಗರೇಟು ಗೂಡಂಗಡಿಗೆ ತಾನಾಗಿ ಬರುವುದಿಲ್ಲ. ವಿತರಕರ ಮಾರಾಟ ಪ್ರತಿನಿಧಿಗಳು ಬೈಕಿನಲ್ಲಿ, ಸಣ್ಣ ವ್ಯಾನಿನಲ್ಲಿ, ನಿಗದಿತ ದಿನ ನಿಗದಿತ ರಸ್ತೆಯಲ್ಲಿ ತಂದುಕೊಡುತ್ತಾರೆ. ಯಾವ ಅಂಗಡಿ ಬಿಡಿ ಮಾರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಪರವಾನಗಿ ಸಂಖ್ಯೆ ಇಲ್ಲದ ಅಂಗಡಿಗೆ ಸರಕು ಕೊಡಬಾರದು, ಕೊಟ್ಟರೆ ದಂಡ ವಿತರಕನಿಗೆ ಎಂದಾದರೆ ಭಾರ ಬಡ ಅಂಗಡಿಯವನ ತಲೆಯಿಂದ ಇಳಿದು ಹೊರಬಲ್ಲವರ ಹೆಗಲಿಗೆ ಹೋಗುತ್ತದೆ. ನ್ಯಾಯವೂ ಅದೇ.

ಎದುರು ವಾದಗಳು

ದಿನಕ್ಕೆ ಎರಡು ಮೂರು ಸೇದುವವನು ಹತ್ತರ ಪ್ಯಾಕು ಕೊಳ್ಳಬೇಕಾದರೆ ಹೆಚ್ಚು ಸೇದುವುದಿಲ್ಲವೇ ಎಂಬ ಪ್ರಶ್ನೆಯನ್ನು ವೈದ್ಯರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಅದು. ಕೆಲವರಲ್ಲಿ ಹಾಗಾಗಬಹುದು. ಆದ್ದರಿಂದಲೇ ಬಿಡಿ ನಿಷೇಧವನ್ನು ತೆರಿಗೆಯಿಂದ ಬೇರೆ ಮಾಡಿ ನೋಡಬಾರದು. ಪ್ಯಾಕು ಕೊಳ್ಳಲು ಒಮ್ಮೆಲೇ ದೊಡ್ಡ ನೋಟು ತೆಗೆಯಬೇಕಾದಾಗಲೇ ಕೈ ಹಿಂದೆಗೆಯುವುದು. ಇನ್ನೂ ಒಂದು ತೂತು ಮುಚ್ಚಬೇಕು: ಕನಿಷ್ಠ ಪ್ಯಾಕಿನ ಗಾತ್ರ. ಬಿಡಿ ನಿಂತ ತಕ್ಷಣ ಕಂಪನಿಗಳು ಐದರ ಪ್ಯಾಕು ತರಬಹುದು, ಹಾಗಾದರೆ ಬಿಡಿ ಮಾರಾಟವೇ ಹೊಸ ವೇಷದಲ್ಲಿ ಬಂದಂತೆ. ಪ್ಯಾಕಿನಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಇರಬಾರದು ಎಂದು ಕೇಂದ್ರವೇ ನಿಯಮ ಮಾಡಬೇಕು. ರಾಜ್ಯವೊಂದರ ಗಡಿಯೊಳಗೆ ಇದನ್ನು ಜಾರಿ ಮಾಡುವುದು ಕಷ್ಟ. ವಯಸ್ಸು 21, ಬಿಡಿ ನಿಷೇಧ ಎರಡೂ ಇದ್ದ ಕೋಟ್ಪಾ ತಿದ್ದುಪಡಿ ಕರಡನ್ನು ಕೇಂದ್ರ 2020ರ ಕೊನೆಗೆ ಜನರ ಮುಂದಿಟ್ಟಿತ್ತು. ಅದು ಮುಂದೆ ಸಾಗಲಿಲ್ಲ.

ಗೂಡಂಗಡಿಗಳ ಹೊಟ್ಟೆಪಾಡಿನ ಮಾತು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಸಿಗರೇಟಿನಲ್ಲಿ ಅಂಗಡಿಯವನಿಗೆ ಸಿಗುವ ಲಾಭ ಸಣ್ಣದು, ಅದು ಗಿರಾಕಿಯನ್ನು ಕರೆತರುವ ಸರಕು ಮಾತ್ರ. ಸಿಗರೇಟಿಗೆ ಬಂದವನು ಚಹಾ, ಬನ್ನು ತೆಗೆದುಕೊಳ್ಳುತ್ತಾನೆ. ಪರವಾನಗಿ ಆರಂಭಿಸುವಾಗ ಆರು ತಿಂಗಳ ಕಾಲಾವಕಾಶ ಕೊಟ್ಟು, ತಂಬಾಕು ಬಿಟ್ಟು ಬೇರೆ ಸರಕಿಗೆ ಹೋಗುವವರಿಗೆ ಬೀದಿ ವ್ಯಾಪಾರಿಗಳ ಸಾಲ ಯೋಜನೆಯಲ್ಲಿ ಆದ್ಯತೆ ಕೊಡುವುದು ಸಾಧ್ಯ. ರೈತರ ವಿಷಯ ಬೇರೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ವರ್ಜೀನಿಯಾ ತಂಬಾಕು ದೇಶದೊಳಗಿನ ಸಿಗರೇಟಿಗಿಂತ ರಫ್ತನ್ನು ಹೆಚ್ಚು ನೆಚ್ಚಿಕೊಂಡಿದೆ. ಬೆಂಗಳೂರಿನಲ್ಲಿ ಬಿಡಿ ಸಿಗರೇಟು ನಿಂತರೆ ಆ ಹರಾಜು ಕಟ್ಟೆಗಳಲ್ಲಿ ಬೆಲೆ ಕುಸಿಯುತ್ತದೆ ಎಂದು ಹೆದರಿಸುವುದು ಸರಿಯಲ್ಲ.

ಬೀಡಿಯನ್ನು ಹೊರಗಿಟ್ಟು ಆಗದು

ಮೇಲಿನದ್ದೆಲ್ಲ ಸಿಗರೇಟಿನ ಮಾತಾಯಿತು. ಆದರೆ 2016–17ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ 4 ಇದ್ದರೆ ಬೀಡಿ ಸೇದುವವರು ಶೇ 7.7 ಇದ್ದರು. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಸಭೆ ಸಿಗರೇಟಿಗೆ ಶೇ 40 ಎಂದಾಗ ಬೀಡಿಯನ್ನು ಶೇ 28ರಿಂದ 18ಕ್ಕೆ ಇಳಿಸಿತು, ಬೀಡಿ ಎಲೆಯನ್ನು ಶೇ 5ಕ್ಕೆ. ಆರೋಗ್ಯದ ದೃಷ್ಟಿಯಿಂದ ಇದು ತಪ್ಪು ನಿರ್ಧಾರ. ಬೀಡಿಯ ಹೊಗೆ ಸಿಗರೇಟಿನದಕ್ಕಿಂತ ಸೌಮ್ಯವಲ್ಲ. ಎಲೆ ಬೇಗ ಆರಿಹೋಗುವುದರಿಂದ ಹೆಚ್ಚು ಸಲ, ಹೆಚ್ಚು ಆಳವಾಗಿ ಎಳೆಯಬೇಕಾಗುತ್ತದೆ. ಬೀಡಿ ಕಟ್ಟಾಗಿಯೇ ಮಾರಾಟವಾಗುವುದು ಹೆಚ್ಚು, ಆದ್ದರಿಂದ ಬಿಡಿ ನಿಷೇಧ ಅದನ್ನು ಅಷ್ಟಾಗಿ ಮುಟ್ಟದು, ತೆರಿಗೆಯೊಂದೇ ಮುಟ್ಟಬಲ್ಲದು. ಸಿಗರೇಟು ದುಬಾರಿಯಾಗಿ ಬೀಡಿ ಅಗ್ಗವಾದರೆ ಕೂಲಿಯವನು ಬಿಡುವುದಿಲ್ಲ, ಬದಲಾಯಿಸುತ್ತಾನೆ.

ತೆರಿಗೆ ಇಳಿಸಿದ್ದು ಕಾರ್ಮಿಕರ ಹೆಸರಿನಲ್ಲಿ. ದೇಶದಲ್ಲಿ ನೋಂದಾಯಿತ ಬೀಡಿ ಕಾರ್ಮಿಕರೇ ಸುಮಾರು 50 ಲಕ್ಷ, ದಕ್ಷಿಣ ಕನ್ನಡ, ಉಡುಪಿಯ ಸಾವಿರಾರು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಆ ದುಡಿಮೆಗೆ ಗೌರವ ಸಲ್ಲಬೇಕು. ಆದರೆ ಸಾವಿರ ಬೀಡಿಗೆ ಇಷ್ಟು ಎಂದು ಸಿಗುವ ಅವರ ಕೂಲಿ ತೆರಿಗೆ ಇಳಿದ ಮಾತ್ರಕ್ಕೆ ಏರುವುದಿಲ್ಲ. ಬೀಡಿಯ ತೆರಿಗೆ ಏರಿಸಿ, ಬಂದ ಹಣದಲ್ಲಿ ಅವರ ಭವಿಷ್ಯನಿಧಿ, ಕ್ಷಯರೋಗದ ತಪಾಸಣೆ, ಬೇರೆ ಕೆಲಸದ ತರಬೇತಿಗೆ ಖರ್ಚು ಮಾಡುವುದು ಅವರ ಪರವಾದ ನೀತಿ.

ಬಿಡಲು ಹೊರಟವರಿಗೆ

ಬೆಲೆ ಏರಿ ಬಿಡಿ ಸಿಗದಂತಾದಾಗ ಲಕ್ಷಾಂತರ ಜನ ಒಟ್ಟಿಗೆ ಬಿಡಲು ಯತ್ನಿಸುತ್ತಾರೆ. ಆಗ ಅವರ ಕೈ ಹಿಡಿಯಲು ಏನಿದೆ? 2016–17ರ ಸಮೀಕ್ಷೆಯಲ್ಲಿ ಬಿಡಲು ಯತ್ನಿಸಿದ್ದ ಸೇದುವವರಲ್ಲಿ ಶೇ 70ಕ್ಕೂ ಹೆಚ್ಚು ಜನ ಯಾರ ನೆರವೂ ಇಲ್ಲದೆ ಒಬ್ಬರೇ ಹೋರಾಡಿದ್ದರು. ನಿಕೋಟಿನ್ ಇಲ್ಲದ ಸಿಡುಕು, ನಿದ್ದೆಗೇಡು, ತಲೆಭಾರ ಎರಡನೇ ಮೂರನೇ ದಿನ ತುದಿ ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಜನ ಸೋಲುವುದು ಹೆಚ್ಚಾಗಿ ಆ ಮೊದಲ ವಾರದಲ್ಲೇ. ಒಂದು ಸಿಗರೇಟು ಹತ್ತು ಹೆಜ್ಜೆ ದೂರದಲ್ಲಿ ಬಿಡಿಯಾಗಿ ಸಿಗುವ ಊರಿನಲ್ಲಿ ಆ ವಾರ ದಾಟುವುದು ಎರಡು ಪಟ್ಟು ಕಷ್ಟ. ಮನೆಯಲ್ಲಿ ಪ್ಯಾಕು ಎಸೆದಿದ್ದರೂ ಬೀದಿ ಎಸೆಯಲಾಗುವುದಿಲ್ಲ.

1800-11-2356ಕ್ಕೆ ಮಾಡುವ ಕರೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಕ್ಕೆ ತಲುಪುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನ ಗೊತ್ತುಮಾಡಿಕೊಂಡ ಮೇಲೆ ಆಪ್ತಸಲಹೆಗಾರರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ನಿಕೋಟಿನ್ ಬದಲಿ ಚಿಕಿತ್ಸೆ (ಸಿಗರೇಟಿನ ಬದಲು ಗಮ್ ಮುಂತಾದವುಗಳಿಂದ ಅಳತೆಯಷ್ಟೇ ನಿಕೋಟಿನ್ ಕೊಡುವುದು) 2022ರಲ್ಲಿ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2 ಮಿಲಿಗ್ರಾಂ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ದಿನಕ್ಕೆ 24 ಮೀರದಂತೆ. ಗಮ್ ಫಲ ಕೊಡಲಿಲ್ಲ ಎನ್ನುವವರಲ್ಲಿ ಬಹಳ ಮಂದಿ ಅದನ್ನು ಚ್ಯೂಯಿಂಗ್ ಗಮ್ಮಿನಂತೆ ಅಗಿದು ನುಂಗಿರುತ್ತಾರೆ. ಹಾಗೆ ಮಾಡಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಚಪಲ ತಣಿಯುವುದಿಲ್ಲ. ನಿಧಾನವಾಗಿ ಅಗಿದು, ಖಾರ ಅಥವಾ ಜುಮ್ಮೆನ್ನುವ ರುಚಿ ಬಂದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಆ ರುಚಿ ಆರಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ. ಅದಕ್ಕೆ ಮುಂಚಿನ ಹದಿನೈದು ನಿಮಿಷ ಕಾಫಿಯಾಗಲಿ ಹುಳಿ ಪಾನಕವಾಗಲಿ ಕುಡಿಯಬಾರದು, ಬಾಯಿ ಆಮ್ಲೀಯವಾದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ಇದನ್ನು ವಿವರಿಸಲು ಎರಡು ನಿಮಿಷ ಸಾಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ನೋಡುವ ಶುಶ್ರೂಷಕಿಯೇ ಹೇಳಬಲ್ಲರು.

ಆದ್ದರಿಂದ ಕ್ರಮ ಹೀಗಿರಬೇಕು. ಸುಂಕ ಏರಬಹುದಾದ ಬಜೆಟ್‌ನ ದಿನಾಂಕ ಆರೋಗ್ಯ ಇಲಾಖೆಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಎರಡು ತಿಂಗಳು ಮುಂಚೆ ಗಮ್ಮಿನ ದಾಸ್ತಾನು ತಾಲ್ಲೂಕು ಗೋದಾಮಿನಿಂದ ಆರೋಗ್ಯ ಕೇಂದ್ರಗಳಿಗೆ ಹೋಗಬೇಕು, ಸಹಾಯವಾಣಿಯಲ್ಲಿ ಆ ತಿಂಗಳಿಗೆ ಹೆಚ್ಚುವರಿ ಆಪ್ತಸಲಹೆಗಾರರು ಇರಬೇಕು, ಅದೇ ವಾರದಿಂದ ಬಿಡಿ ಮಾರಾಟದ ತಪಾಸಣೆ ಶುರುವಾಗಿ ಕನಿಷ್ಠ ಮೂರು ತಿಂಗಳು ಬಿಡದೆ ನಡೆಯಬೇಕು. ಈ ಮೂರೂ ಈಗ ಮೂರು ಇಲಾಖೆಗಳ ಮೂರು ಕಡತಗಳಲ್ಲಿ, ಮೂರು ಬೇರೆ ಬೇರೆ ತಿಂಗಳುಗಳಲ್ಲಿ ನಡೆಯುತ್ತಿವೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ತಂಬಾಕು ನಿಯಂತ್ರಣ ಸಮಿತಿ ಇವನ್ನು ಒಂದೇ ದಿನಾಂಕಕ್ಕೆ ಕೂಡಿಸಲು ಹೊಸ ಕಾನೂನು ಬೇಕಿಲ್ಲ, ಒಂದು ಸಭೆಯ ನಡಾವಳಿ ಸಾಕು.